ರಾಗಿಯ ವಂಶವೃಕ್ಷ: ತಳಿವಿಜ್ಞಾನದ ಸಾಕ್ಷ್ಯ ಮತ್ತು ಜನಪದ ಜ್ಞಾನ

ಹಳೆಯ ಮೈಸೂರು ಸೀಮೆಯ ಜನಪದ ಸಾಹಿತ್ಯದಲ್ಲಿ ರಾಗಿಗೆ ದೊರೆತಿರುವ ಸ್ಥಾನ ಬೇರಾವ ಧಾನ್ಯಕ್ಕೂ ದೊರೆತಿಲ್ಲ. ಬೀಸುವ ಪದಗಳಲ್ಲಿ, ಕಣದ ಹಾಡುಗಳಲ್ಲಿ, ರಾಶಿಪೂಜೆಯ ಆಚರಣೆಯಲ್ಲಿ, ಒಗಟು ಗಾದೆಗಳಲ್ಲಿ ರಾಗಿ ಕೇವಲ ಆಹಾರವಾಗಿ ಬರುವುದಿಲ್ಲ. ಮನೆಗೆ ಬರುವ ಲಕ್ಷ್ಮಿಯಾಗಿ, ತವರಿನ ಪ್ರತೀಕವಾಗಿ, ಬಡವನ ಬಂಧುವಾಗಿ ಬರುತ್ತದೆ. ಇಷ್ಟು ಆಳವಾಗಿ ಬೇರೂರಿದ ಧಾನ್ಯವು ಈ ನೆಲದಲ್ಲೇ ಹುಟ್ಟಿದ್ದೆಂದು ಜನ ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞ ಅಲ್ಫೋನ್ಸ್ ದ ಕಾಂದೋಲ್ ಅವರೂ ರಾಗಿಯ ಮೂಲವನ್ನು ಭಾರತದಲ್ಲಿಯೇ ಕಂಡಿದ್ದರು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಂಶೋಧನೆ ಈ ಅಭಿಪ್ರಾಯವನ್ನು ಸಂಪೂರ್ಣವಾಗಿ ಬದಲಿಸಿತು. ಆ ಬದಲಾವಣೆಯ ಚರಿತ್ರೆಯನ್ನು ಗುರುತಿಸಿ, ಇತ್ತೀಚಿನ ತಳಿವಿಜ್ಞಾನ ಹಾಗೂ ವೈದ್ಯವಿಜ್ಞಾನದ ಶೋಧಗಳ ಬೆಳಕಿನಲ್ಲಿ ಜನಪದ ಜ್ಞಾನದ ಕೆಲವು ಅಂಶಗಳನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬಹುದು. ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿ ರಾಗಿಯ ಕಾಡು ರೂಪವೊಂದು ಇಂದಿಗೂ ಬೆಳೆಯುತ್ತದೆ. ಅದರ ತೆನೆಯ ಬೆರಳುಗಳು ಸಣಕಲು. ಕಾಳು ಮಾಗಿದೊಡನೆ ಉದುರಿಹೋಗುತ್ತದೆ. ಕಾಳು ಉದುರದೆ ತೆನೆಯಲ್ಲಿಯೇ ನಿಲ್ಲುವ ಗುಣವನ್ನು ಮನುಷ್ಯ ಆಯ್ದುಕೊಂಡದ್ದರಿಂದಲೇ ಕಾಡುಹುಲ್ಲು ಬೆಳೆಯಾಯಿತು. 1957ರಲ್ಲಿ ಕೆನಡಿ ಓಬರ್ನ್ ಅವರು ಈ ಕಾಡು ರೂಪವನ್ನು ಪ್ರತ್ಯೇಕವಾಗಿ ವಿವರಿಸಿದರು. 1976ರಲ್ಲಿ ಹಿಲು ಮತ್ತು ದ ವೆಟ್ ಅವರು ರಾಗಿಯ ಕೃಷೀಕರಣ ಆಫ್ರಿಕಾದಲ್ಲಿಯೇ ನಡೆಯಿತೆಂಬ ವಾದವನ್ನು ಗಟ್ಟಿಗೊಳಿಸಿದರು. ಇಥಿಯೋಪಿಯದಲ್ಲಿ ಅದನ್ನು 'ಡಾಗುಸ್ಸ' ಎಂದೂ ಸ್ವಾಹಿಲಿ ಭಾಷೆಯಲ್ಲಿ 'ವಿಂಬಿ' ಎಂದೂ ಕರೆಯುತ್ತಾರೆ. ಅಲ್ಲಿನ ಜನರು ಅದರಿಂದ ಅಂಬಲಿಯನ್ನೂ ಮಾಡುತ್ತಾರೆ, ಮದ್ಯವನ್ನೂ ತಯಾರಿಸುತ್ತಾರೆ. ಇಲ್ಲಿನ ಜನಪದರಂತೆ ಅಲ್ಲಿನವರಿಗೂ ರಾಗಿ ತಮ್ಮದೇ ಧಾನ್ಯ.

ಅದು ಯಾವಾಗ, ಯಾವ ದಾರಿಯಿಂದ ಕರ್ನಾಟಕಕ್ಕೆ ಬಂದಿತೆಂಬುದು ಪುರಾತತ್ತ್ವದ ಪ್ರಶ್ನೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕರಿಕಾದ ಕಾಳುಗಳನ್ನು ರಾಗಿಯೆಂದು ಗುರುತಿಸಿದ್ದು ದೀರ್ಘಕಾಲ ಉಲ್ಲೇಖಗೊಳ್ಳುತ್ತ ಬಂದಿದೆ. ಭಾರತದ ಹಲವು ನೆಲೆಗಳ ಇಂಥ ಗುರುತಿಸುವಿಕೆಗಳನ್ನು ನಂತರದ ವಿದ್ವಾಂಸರು, ಮುಖ್ಯವಾಗಿ ಡೋರಿಯನ್ ಫುಲ್ಲರ್, ಮರುಪರಿಶೀಲಿಸಿದಾಗ ಅವುಗಳಲ್ಲಿ ಎಷ್ಟೋ ಬೇರೆ ಕಿರುಧಾನ್ಯಗಳೆಂಬ ಸಂಶಯ ಉಂಟಾಯಿತು. ಆದ್ದರಿಂದ ರಾಗಿಗೆ ಐದಾರು ಸಾವಿರ ವರ್ಷಗಳ ಭಾರತೀಯ ಇತಿಹಾಸವನ್ನು ಕಟ್ಟಿಕೊಡುವ ಜನಪ್ರಿಯ ಬರಹಗಳನ್ನು ಎಚ್ಚರದಿಂದ ಓದಬೇಕು. ಒಂದು ಧಾನ್ಯವನ್ನು ಪ್ರೀತಿಸಲು ಅದರ ವಯಸ್ಸನ್ನು ಹಿಗ್ಗಿಸಬೇಕಾಗಿಲ್ಲ.

ಪುರಾತತ್ತ್ವ ಹೇಳಲಾಗದ ಸಂಗತಿಯನ್ನು ವರ್ಣತಂತುಗಳು ಹೇಳಿದವು. ರಾಗಿಯ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ಇವು ಒಂದೇ ಮೂಲದವಲ್ಲ. ಎರಡು ಬೇರೆ ಬೇರೆ ಹುಲ್ಲುಗಳ ವರ್ಣತಂತುಗಳು ಬಹು ಹಿಂದೆ ಒಂದುಗೂಡಿ ದ್ವಿಗುಣಗೊಂಡುದರ ಫಲ. ವಿಜ್ಞಾನಿಗಳು ಈ ಎರಡು ಪಾಲುಗಳನ್ನು 'ಎ' ಮತ್ತು 'ಬಿ' ಎಂದು ಕರೆಯುತ್ತಾರೆ. ಇವುಗಳಲ್ಲಿ 'ಎ' ಪಾಲನ್ನು ಕೊಟ್ಟ ಸಸ್ಯ ಯಾವುದೆಂಬುದನ್ನು ನಿರ್ಧರಿಸುವಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹಿರೇಮಠ ಮತ್ತು ಸಾಲಿಮಠ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ತ್ವದ್ದು. ರಾಗಿಯನ್ನು ಅದರ ಬಂಧುಸಸ್ಯಗಳೊಡನೆ ಸಂಕರಗೊಳಿಸಿ, ಮಿಶ್ರತಳಿಯಲ್ಲಿ ವರ್ಣತಂತುಗಳು ಹೇಗೆ ಜೋಡಿಯಾಗುತ್ತವೆಂಬುದನ್ನು ಪರಿಶೀಲಿಸಿದ ಅವರು 'ಎಲ್ಯೂಸಿನ್ ಇಂಡಿಕಾ' ಎಂಬ ಹುಲ್ಲೇ ಆ ದಾತೃವೆಂದು ತೋರಿಸಿದರು. ಮುಂದೆ ಡಿಎನ್‌ಎ ಆಧಾರದ ಅಧ್ಯಯನಗಳು ಈ ತೀರ್ಮಾನವನ್ನು ಸಮರ್ಥಿಸಿದವು. ಇದು ನಮ್ಮ ರಸ್ತೆಬದಿಯಲ್ಲಿಯೂ ಹೊಲದ ಬದುಗಳಲ್ಲಿಯೂ ಧಾರಾಳವಾಗಿ ಬೆಳೆಯುವ, ಎಳೆಯದಿದ್ದಾಗ ರಾಗಿಯ ಪೈರೆಂದೇ ಭ್ರಮೆ ಹುಟ್ಟಿಸುವ ಕಳೆ. ಕಳೆ ಕೀಳುವ ಹೆಂಗಸರು ಬುಡದ ಚಪ್ಪಟೆತನವನ್ನು ಬೆರಳಿನಿಂದ ತಡವಿ ಅದನ್ನು ಪೈರಿನಿಂದ ಬೇರ್ಪಡಿಸುತ್ತಾರೆ. ಪೈರಿನ ಪೂರ್ವಜನನ್ನೇ ಕಿತ್ತು ಬದುವಿಗೆ ಎಸೆಯುತ್ತಿದ್ದೇವೆಂಬುದು ಅವರಿಗೆ ತಿಳಿಯುವಂತಿರಲಿಲ್ಲ. ತಿಳಿದಿದ್ದರೂ ಕೀಳದೆ ಬಿಡುತ್ತಿರಲಿಲ್ಲ. 'ಬಿ' ಪಾಲಿನ ದಾತೃ ಮಾತ್ರ ಇನ್ನೂ ಖಚಿತವಾಗಿ ಪತ್ತೆಯಾಗಿಲ್ಲ. ಅದು ಅಳಿದುಹೋಗಿರಬಹುದೆಂಬ ಊಹೆಯೂ ಇದೆ.

ಇನ್ನು ರಾಗಿ ತಳಿ ಸುಧಾರಣೆಯ ಆಧುನಿಕ ಚರಿತ್ರೆ. ಇದು ಬಹುಮಟ್ಟಿಗೆ ಕರ್ನಾಟಕದ ಚರಿತ್ರೆಯೇ ಆಗಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರು 1913ರಲ್ಲಿ ಈ ಕಾರ್ಯಕ್ಕೆ ತೊಡಗಿದರು. ರೈತರ ಹೊಲಗಳಲ್ಲಿದ್ದ ನಾಟಿ ತಳಿಗಳಿಂದ ಉತ್ತಮ ತೆನೆಗಳನ್ನು ಆಯ್ದು, ಅವುಗಳ ಸಂತತಿಯನ್ನು ಪ್ರತ್ಯೇಕವಾಗಿ ಬೆಳೆಸಿ ಶುದ್ಧಗೊಳಿಸುವುದು ಆಗಿನ ವಿಧಾನ. 1918ರಲ್ಲಿ ಬಿಡುಗಡೆಯಾದ 'ಎಚ್-22' ಹೀಗೆ ಹೊರಬಂದ ತಳಿ. ಇದರಲ್ಲಿ ಗಮನಿಸಬೇಕಾದುದೆಂದರೆ, ವಿಜ್ಞಾನಿ ಮಾಡಿದ ಆಯ್ಕೆಗೆ ಮುನ್ನ ರೈತ ಮಾಡಿದ ಆಯ್ಕೆ ನಡೆದಿತ್ತು. ಕಟಾವಿಗೆ ಮುಂಚೆ ಹೊಲದಲ್ಲಿ ಅಡ್ಡಾಡಿ ತುಂಬಿದ ತೆನೆಗಳನ್ನು ಬೇರೆಯಾಗಿ ಕೊಯ್ದು, ಬೂದಿ ಬೆರೆಸಿ, ಲಕ್ಕಿಸೊಪ್ಪು ಅಥವಾ ಬೇವಿನಸೊಪ್ಪು ಹಾಕಿ ಗುಡಾಣದಲ್ಲಿಟ್ಟು ಕಾಪಾಡಿದವರು ಬಹುಪಾಲು ಹೆಂಗಸರು. 'ಎಚ್-22' ಎಂಬ ಹೆಸರಿನಲ್ಲಿ ಅಕ್ಷರವಿದೆ, ಅಂಕಿಯಿದೆ. ಆ ತೆನೆಯನ್ನು ಅಲ್ಲಿಯವರೆಗೆ ತಂದ ಊರಿನ ಸುಳಿವಿಲ್ಲ.

ಎರಡನೆಯ ಘಟ್ಟ 'ರಾಗಿ ಲಕ್ಷ್ಮಣಯ್ಯ' ಎಂದೇ ನಾಡಿಗೆ ಪರಿಚಿತರಾದ ಸಿ.ಎಚ್. ಲಕ್ಷ್ಮಣಯ್ಯನವರದು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದು ತನ್ನ ಪರಾಗದಿಂದಲೇ ಫಲಿತಗೊಳ್ಳುತ್ತದೆ. ಸಾವಿರ ಕಾಳು ತೂಗಿದರೂ ಎರಡು ಮೂರು ಗ್ರಾಂ ದಾಟದ ಈ ಧಾನ್ಯದಲ್ಲಿ ಕೃತಕ ಸಂಕರ ನಡೆಸುವುದು ಅತಿ ತಾಳ್ಮೆಯ ಕೆಲಸ. ಲಕ್ಷ್ಮಣಯ್ಯನವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ಮೊದಲು ನೀಡಿದರು. ಬಳಿಕ ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿ 'ಇಂಡಾಫ್' ಸರಣಿಯನ್ನು ರೂಪಿಸಿದರು. ಹೆಸರಿನಲ್ಲಿಯೇ ಇಂಡಿಯಾ ಮತ್ತು ಆಫ್ರಿಕಾ ಎರಡೂ ಇವೆ. ಆಫ್ರಿಕಾದ ತಳಿಗಳ ದಪ್ಪ ತೆನೆ, ಗಟ್ಟಿ ಕಾಂಡ, ರೋಗನಿರೋಧಕ ಶಕ್ತಿಗಳು ಇಲ್ಲಿನ ತಳಿಗಳ ಹೊಂದಾಣಿಕೆಯ ಗುಣದೊಡನೆ ಕೂಡಿದವು. ಸಾವಿರಾರು ವರ್ಷ ಬೇರೆ ಬೇರೆ ಖಂಡಗಳಲ್ಲಿ ಬೆಳೆದ ದಾಯಾದಿಗಳು ಮಂಡ್ಯದ ಮಡಿಯಲ್ಲಿ ಮತ್ತೆ ಸೇರಿದರೆನ್ನಬಹುದು. ರಾಗಿಯ ಮೂಲದ ಬಗೆಗಿನ ವಾದವಿವಾದ ವಿದ್ವತ್ಪತ್ರಿಕೆಗಳಲ್ಲಿ ನಡೆಯುತ್ತಿದ್ದ ದಶಕಗಳಲ್ಲಿಯೇ ನಮ್ಮ ರೈತ ಅರ್ಧ ಆಫ್ರಿಕನ್ ರಾಗಿಯನ್ನು ಬಿತ್ತಿ ಉಂಡನು. ಅದನ್ನು ಪರಕೀಯವೆಂದು ದೂರವಿಡಲಿಲ್ಲ. ಜನಪದ ವಿವೇಕ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ಇಲ್ಲಿ ಆ ಮಾತು ನಿಜವಾಗಿ ಸಲ್ಲುತ್ತದೆ.

ಮೂರನೆಯ ಘಟ್ಟ ಜೀನೋಮ್ ಅಧ್ಯಯನದ್ದು. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು 'ಎಂಎಲ್-365' ತಳಿಯ ಸಂಪೂರ್ಣ ಜೀನೋಮಿನ ಕರಡನ್ನು ಪ್ರಕಟಿಸಿದರು. ಅದರಲ್ಲಿ 85,243 ವಂಶವಾಹಿಗಳನ್ನು ಗುರುತಿಸಲಾಗಿತ್ತು. 2018ರಲ್ಲಿ 'ಪಿಆರ್ 202' ತಳಿಯ ಜೀನೋಮ್ ಹೊರಬಂದಿತು. 2023ರಲ್ಲಿ ಕತ್ರಿಯೆನ್ ಡೆವೋಸ್ ಮತ್ತು ಸಂಗಡಿಗರು ಆಫ್ರಿಕಾದ ತಳಿಯೊಂದರ ಜೀನೋಮನ್ನು ವರ್ಣತಂತುಗಳ ಮಟ್ಟದಲ್ಲಿಯೇ ಜೋಡಿಸಿ ತೋರಿಸಿದರು. ಡಿಎನ್‌ಎ ಗುರುತುಗಳ ಅಧ್ಯಯನಗಳಲ್ಲಿ ಆಫ್ರಿಕಾದ ರಾಗಿ ಮತ್ತು ಏಷ್ಯಾದ ರಾಗಿ ಪ್ರತ್ಯೇಕ ಗುಂಪುಗಳಾಗಿ ನಿಲ್ಲುತ್ತವೆ. ಅಂದರೆ ಇಲ್ಲಿಗೆ ಬಂದ ರಾಗಿ ಇಲ್ಲಿನದೇ ಆಯಿತು. ಬಂದುದು ಬೀಜ, ತಳಿಗಳನ್ನು ರೂಪಿಸಿದ್ದು ಇಲ್ಲಿನ ಮಳೆ, ಕೆಂಪುಮಣ್ಣು ಮತ್ತು ಬೇಸಾಯಗಾರರ ಕೈ.

ವೈದ್ಯಕೀಯ ಮತ್ತು ಪೋಷಣಾ ಸಂಶೋಧನೆಯ ವಿಚಾರ ಇದಕ್ಕಿಂತ ಭಿನ್ನವಾಗಿದೆ. ಅಲ್ಲಿ ಉತ್ಸಾಹ ಹೆಚ್ಚು, ವಿವೇಚನೆ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಇದು ಹತ್ತು ಮಿಲಿಗ್ರಾಂನಷ್ಟೂ ಇಲ್ಲ. ಆದರೆ ಕಾಳಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಸುಣ್ಣ, ಕಬ್ಬಿಣಗಳನ್ನು ಹಿಡಿದಿಟ್ಟು ದೇಹಕ್ಕೆ ಪೂರ್ತಿಯಾಗಿ ದಕ್ಕದಂತೆ ಮಾಡುತ್ತವೆ. ಮೊಳಕೆ ಬರಿಸುವುದರಿಂದ, ಹುದುಗಿಸುವುದರಿಂದ ಫೈಟೇಟ್ ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಕೂಸುಗಳಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ 'ಸರಿ' ಕಾಯಿಸುವ ಕ್ರಮವನ್ನು ಇಲ್ಲಿ ನೆನೆಯಬೇಕು. ರಾತ್ರಿಯಿಡೀ ಹುಳಿಯಲು ಬಿಟ್ಟ ಅಂಬಲಿಯೂ ಇದೇ ಬಗೆಯದು. ಜನಪದರಿಗೆ ಫೈಟೇಟ್ ತಿಳಿದಿತ್ತೆಂದು ಇದರಿಂದ ಸಾಧಿಸುವುದು ಅತಿರೇಕ. ಕೂಸಿಗೆ ಯಾವುದು ಒಗ್ಗುತ್ತದೆ, ಯಾವುದು ಹೊಟ್ಟೆ ಕೆಡಿಸುತ್ತದೆ ಎಂಬುದನ್ನು ತಲೆಮಾರುಗಳ ಕಾಲ ನೋಡಿ ನೋಡಿ ಕಲಿತಿದ್ದರೆಂದರೆ ಸಾಕು.

ಮಧುಮೇಹದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ರಾಗಿಯ ಹೊರಪದರದ ಪಾಲಿಫಿನಾಲ್‌ಗಳು ಪಿಷ್ಟವು ಜೀರ್ಣವಾಗುವ ವೇಗವನ್ನು ತಗ್ಗಿಸುತ್ತವೆಂಬುದಕ್ಕೆ ಆಧಾರಗಳಿವೆ. ಆದರೆ ಹೊರಪದರ ತೆಗೆದ, ನುಣ್ಣಗೆ ಬೀಸಿದ, ಯಂತ್ರದಲ್ಲಿ ಅರಳಿಸಿದ ರಾಗಿಯ ಪದಾರ್ಥಗಳು ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತವೆಂದೂ ಅಧ್ಯಯನಗಳು ಹೇಳುತ್ತವೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ತರುವಾಯ ಅಂಗಡಿಗಳನ್ನು ತುಂಬಿದ ರಾಗಿಯ ಬಿಸ್ಕತ್ತು, ಚಕ್ಕೆಗಳಿಗೂ ಬೀಸುಕಲ್ಲಿನ ತರಿಹಿಟ್ಟಿನ ಮುದ್ದೆಗೂ ಹೆಸರೊಂದೇ ಹೊರತು ಗುಣ ಒಂದೇ ಅಲ್ಲ.

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಈ ಸಂದರ್ಭದಲ್ಲಿ ಪ್ರಸ್ತಾಪಿಸದಿರಲಾಗದು. ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ಶ್ರೇಷ್ಠತೆಯ ವ್ಯಾಜ್ಯ ಹುಟ್ಟಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುವ ಕಥೆ ಅದು. ಸೆರೆಯಿಂದ ಹೊರಬಂದಾಗ ನೆಲ್ಲು ಸೊರಗಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ರಾಮನು ಅದಕ್ಕೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. ಕುಲದ ಶ್ರೇಣಿಯನ್ನು ಪ್ರಶ್ನಿಸುವ ರೂಪಕವಾಗಿ ವಿಮರ್ಶಕರು ಇದನ್ನು ಓದಿದ್ದಾರೆ, ಅದು ಯುಕ್ತವೂ ಹೌದು. ಆದರೆ ರೂಪಕ ನಿಂತಿರುವುದು ಒಂದು ವಾಸ್ತವದ ಮೇಲೆ. ರಾಗಿಯ ಚಿಕ್ಕ ಕಾಳಿಗೆ ಹುಳು ಹಿಡಿಯುವುದು ವಿರಳ. ಒಣಗಿದ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಹಗೇವು ತುಂಬಿದ ಊರು ಬರವನ್ನು ದಾಟುತ್ತಿತ್ತು. ಆರು ತಿಂಗಳ ಸೆರೆಯ ಕಥೆ ಕೇಳಿದ ಒಕ್ಕಲಿಗನಿಗೆ ಆ ಸೆರೆ ಯಾವುದೆಂದು ವಿವರಿಸಬೇಕಾಗಿರಲಿಲ್ಲ.

ಈಗ ಉಳಿದಿರುವುದು ಹೆಸರುಗಳ ಪ್ರಶ್ನೆ. ಗಿಡ್ಡ ರಾಗಿ, ಉಂಡೆ ರಾಗಿ, ಬಿಳಿ ರಾಗಿ, ಹಸಿರುಕಡ್ಡಿ, ಕರಿಕಡ್ಡಿ, ಜೇನುಮುದ್ದೆ, ಬೆಣ್ಣೆಮುದ್ದೆ, ಮಜ್ಜಿಗೆ ರಾಗಿ, ರುದ್ರಜಡೆ, ಕೋಣನ ಕೊಂಬಿನ ರಾಗಿ – ಇವು ನಾಟಿ ತಳಿಗಳ ಹೆಸರುಗಳಲ್ಲಿ ಕೆಲವು. ಇವು ಬರಿಯ ಅಲಂಕಾರಗಳಲ್ಲ. ಕೆಲವು ಕಾಂಡದ ಬಣ್ಣವನ್ನು, ಕೆಲವು ತೆನೆಯ ಆಕಾರವನ್ನು, ಕೆಲವು ಮುದ್ದೆಯ ರುಚಿ ಮತ್ತು ಹದವನ್ನು ಹೇಳುತ್ತವೆ. ಇದೊಂದು ವರ್ಗೀಕರಣ ಪದ್ಧತಿ. ಜೀನ್ ಬ್ಯಾಂಕುಗಳಿಗೆ ಸೇರಿದಾಗ ಇವು ಸಂಖ್ಯೆಗಳಾದವು. ಇಕ್ರಿಸ್ಯಾಟ್ ಸಂಸ್ಥೆ ತನ್ನ ಸಾವಿರಾರು ರಾಗಿ ಮಾದರಿಗಳಿಂದ 622ರ ಒಂದು ಆಯ್ದ ಸಂಗ್ರಹವನ್ನೂ, ಅದರಿಂದ ಮತ್ತೆ 80ರ ಕಿರುಸಂಗ್ರಹವನ್ನೂ ಸಿದ್ಧಪಡಿಸಿದೆ. ಸಂಶೋಧಕರಿಗೆ ಇದು ಬಹು ಉಪಯುಕ್ತ. ಆದರೆ ಸಂಖ್ಯೆಯಿಂದ ಹೆಸರಿಗೆ, ಹೆಸರಿನಿಂದ ಊರಿಗೆ ಮರಳುವ ದಾರಿ ಎಲ್ಲ ಮಾದರಿಗಳಿಗೂ ಉಳಿದಿಲ್ಲ.

ಇದು ಕೇವಲ ಭಾವುಕತೆಯ ಮಾತಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಅದನ್ನು ಬಳಸಿ ಹೊಸ ತಳಿ ಹೊರತಂದಾಗ ಲಾಭದಲ್ಲಿ ಪಾಲು ಕೇಳಬಹುದು. ಕೇಳಬೇಕಾದರೆ ತಳಿ ತಮ್ಮದೆಂದು ತೋರಿಸಬೇಕು. ತೋರಿಸಲು ದಾಖಲೆ ಬೇಕು. ಊರೂರು ಅಲೆದು ಹಾಡು, ಗಾದೆಗಳನ್ನು ಬರೆದುಕೊಂಡ ಜಾನಪದ ಸಂಗ್ರಹಕಾರರ ಪುಸ್ತಕಗಳಲ್ಲಿ ಹಾಡಿದವರ ಹೆಸರು, ಊರು ಇರುವುದುಂಟು. ಹಾಡಿದಾಕೆ ಬೀಸುತ್ತಿದ್ದುದು ಯಾವ ರಾಗಿ ಎಂಬ ವಿವರ ಸಾಮಾನ್ಯವಾಗಿ ಇಲ್ಲ. ಕೃಷಿ ಇಲಾಖೆಯ ಕಡತಗಳಲ್ಲಿ ರಾಗಿಯಿದೆ, ಹಾಡಿಲ್ಲ. ಈ ಎರಡು ಬಗೆಯ ದಾಖಲೆಗಳನ್ನು ಊರಿನ ಆಧಾರದ ಮೇಲೆ ಒಟ್ಟಿಗಿಟ್ಟು ನೋಡುವ ಕೆಲಸ ಅಕಾಡೆಮಿ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಕೂಡಿ ಮಾಡಬಹುದಾದದ್ದು. ತಳಿಯ ಹೆಸರು ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದರಿಂದ ಅದು ತಡವಾದಷ್ಟೂ ಕಷ್ಟ.

ಇಂಥ ಕೆಲಸಕ್ಕೆ ಆರಂಭ ಎಲ್ಲಿಂದ ಎಂದರೆ ಬಣ್ಣದ ಹೆಸರುಗಳಿಂದ ತೊಡಗಬಹುದು. 2023ರ ಅಧ್ಯಯನ ರಾಗಿಯ ಹೂವಿನ ಶಲಾಕಾಗ್ರದ ನೇರಳೆ ಬಣ್ಣಕ್ಕೆ ಕಾರಣವಾಗಿರಬಹುದಾದ ವಂಶವಾಹಿಯೊಂದನ್ನು ಸೂಚಿಸಿದೆ. ಹಸಿರುಕಡ್ಡಿ ಮತ್ತು ಕರಿಕಡ್ಡಿ ಎಂದು ಜನಪದರು ಪ್ರತ್ಯೇಕಿಸಿದ ತಳಿಗಳ ನಡುವಿನ ವ್ಯತ್ಯಾಸಕ್ಕೂ ಆ ವಂಶವಾಹಿಗೂ ಸಂಬಂಧವಿದೆಯೆ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಜೇನುಮುದ್ದೆ, ಬೆಣ್ಣೆಮುದ್ದೆಗಳ ಪರೀಕ್ಷೆ ಅಷ್ಟು ಸುಲಭವಲ್ಲ. ಅವುಗಳಿಗೆ ಬೀಜದ ಜೊತೆಗೆ ಮುದ್ದೆ ಕಟ್ಟಿ ರುಚಿ ನೋಡಿ ಹೆಸರಿಟ್ಟವರ ಮಾತೂ ಬೇಕು.