ಬಾಗಿಲು ತಟ್ಟುವವರ ಅರ್ಹತೆ



ಮುರಿದ ಕೈಗೆ ಕಟ್ಟು ಹಾಕುವ ವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರಬೇಕು. ನಮ್ಮ ಪರವಾಗಿ ವಾದಿಸುವವರ ಹೆಸರು 1961ರ ಕಾಯಿದೆಯಂತೆ ವಕೀಲರ ಪರಿಷತ್ತಿನಲ್ಲಿರಬೇಕು. ಆದರೆ ಮುರಿದ ಸಂಸಾರವೊಂದರ ಬಾಗಿಲು ತಟ್ಟಿ, ಒಳಗೆ ಕುಳಿತು, ಅದರ ಗುಟ್ಟುಗಳನ್ನೆಲ್ಲ ಕೇಳಿಸಿಕೊಳ್ಳುವವರಿಗೆ ಅರ್ಹತೆ ಕೊಡುವವರು ಯಾರು?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಗುರುವಿದ್ಯಾಮಂದಿರದ ದಿನಗಳಲ್ಲಿ. ಶಿವಾಜಿನಗರದ ಗಲ್ಲಿಯೊಂದಕ್ಕೆ ನೆರವಿನ ಪಟ್ಟಿ ಹಿಡಿದು ಹೋಗಿದ್ದೆ. ವೃದ್ಧೆಯೊಬ್ಬರನ್ನು ಹೊಸಿಲಲ್ಲೇ ನಿಲ್ಲಿಸಿ, 'ಮಗ ಹಣ ಕಳಿಸುತ್ತಾನೆಯೇ? ಸಾಲ ಎಷ್ಟಿದೆ?' ಎಂದು ಗಟ್ಟಿಯಾಗಿ ಕೇಳಿದೆ. ನೆರೆಹೊರೆಯವರು ಕಿಟಕಿಗಳಲ್ಲಿದ್ದರು. 'ನನಗೆ ಏನೂ ಬೇಡಪ್ಪಾ' ಎಂದು ಆಕೆ ಬಾಗಿಲು ಹಾಕಿಕೊಂಡರು. ನನ್ನಲ್ಲಿ ಸದುದ್ದೇಶವಿತ್ತು, ತರಬೇತಿ ಇರಲಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ 'ಅಗತ್ಯವಿಲ್ಲ' ಎಂದು ಬರೆದೆ.

ಸೇವೆಯ ಪರಂಪರೆಗೆ ನಮ್ಮ ದಂಡುಪ್ರದೇಶದಲ್ಲಿ ಕೊರತೆಯಿಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿತು. 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು. ಅವರೇ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಸದಸ್ಯರು ಬಡವರ ಮನೆಗಳಿಗೆ ಭೇಟಿ ಕೊಡುವುದನ್ನು ನೀವೆಲ್ಲ ನಿಮ್ಮ ಧರ್ಮಕೇಂದ್ರಗಳಲ್ಲಿ ಕಂಡಿದ್ದೀರಿ. ಆದರೆ ಕರುಣೆಯೊಂದೇ ಸಾಲದು, ಕಲಿಕೆಯೂ ಬೇಕು ಎಂಬ ಅರಿವು ಜಗತ್ತಿಗೆ ಬಂದದ್ದು ತಡವಾಗಿ.

1898ರಲ್ಲಿ ನ್ಯೂಯಾರ್ಕಿನಲ್ಲಿ ಬೇಸಿಗೆ ತರಬೇತಿ ಶುರುವಾಯಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶಾಲೆಯೇ ತೆರೆಯಿತು. ಭಾರತದಲ್ಲಿ ಮೊದಲ ಶಾಲೆ ಹುಟ್ಟಿದ್ದು 1936ರಲ್ಲಿ, ಮುಂಬಯಿಯಲ್ಲಿ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ. ನಾಗಪಾಡದ ಬಡ ವಸತಿಗಳ ನಡುವೆ ದುಡಿದಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅದರ ಪ್ರಥಮ ನಿರ್ದೇಶಕರು. ನಮ್ಮ ನಾಡಿನಲ್ಲಿ 1960ರಲ್ಲಿ ಮರಿಯ ಹೃದಯದ ಪುತ್ರಿಯರ ಸಭೆಯವರು ಮಂಗಳೂರಿನಲ್ಲಿ ರೋಶನಿ ನಿಲಯವನ್ನು ಸ್ಥಾಪಿಸಿದರು. ನಮ್ಮ ಬೆನ್ಸನ್ ಟೌನಿನಲ್ಲಿ ಯೇಸುಸಭೆಯವರ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್, ಪದವಿಯ ಹಂಗಿಲ್ಲದೆ, ಜನರ ನಡುವೆ ದುಡಿಯುವವರಿಗೆ ಅಲ್ಪಾವಧಿಯ ತರಬೇತಿ ಕೊಡುತ್ತ ಬಂತು.

ಶಾಲೆಗಳು ಹೆಚ್ಚಿದಂತೆ ಗುಣಮಟ್ಟದ ಪ್ರಶ್ನೆ ಎದ್ದಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪರಿಶೀಲನಾ ಸಮಿತಿಗಳು 1965ರಲ್ಲಿ ಮತ್ತು 1980ರಲ್ಲಿ ವರದಿ ಕೊಟ್ಟವು. 2001ರಲ್ಲಿ ಮಾದರಿ ಪಠ್ಯಕ್ರಮ ಬಂತು. ವೃತ್ತಿಗೊಂದು ರಾಷ್ಟ್ರೀಯ ಪರಿಷತ್ತು ಬೇಕೆಂದು 1993ರಲ್ಲಿ ಕರಡು ಮಸೂದೆ ಸಿದ್ಧವಾಯಿತಾದರೂ ಅದು ಕಾಯಿದೆಯಾಗಲಿಲ್ಲ. 2004ರಲ್ಲಿ ಅಡಿಲೇಡ್ ನಗರದಲ್ಲಿ ಸಮಾಜಕಾರ್ಯ ಶಿಕ್ಷಣದ ಜಾಗತಿಕ ಮಾನದಂಡಗಳು ಅಂಗೀಕಾರಗೊಂಡು, 2020ರಲ್ಲಿ ಪರಿಷ್ಕೃತವಾದವು. ಅವು ದಾರಿ ತೋರುತ್ತವೆಯೇ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ.

ಹಾಗಾದರೆ 'ನ್ಯಾಕ್ ಮಾನ್ಯತೆ' ಎಂದು ಕಾಲೇಜುಗಳ ಫಲಕಗಳ ಮೇಲೆ ಕಾಣುವುದೇನು? 1994ರಲ್ಲಿ ಸ್ಥಾಪನೆಯಾಗಿ, ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ಆ ಪರಿಷತ್ತು ಇಡೀ ಸಂಸ್ಥೆಯನ್ನು ತೂಗುತ್ತದೆ: ಬೋಧಕರು, ಗ್ರಂಥಾಲಯ, ಸಂಶೋಧನೆ, ಆಡಳಿತ. ವಿದ್ಯಾರ್ಥಿಯೊಬ್ಬ ಬೌರಿಂಗ್ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹೇಗೆ ಮಾತಾಡುತ್ತಾನೆಂಬುದು ಆ ತಕ್ಕಡಿಗೆ ಸಿಗುವುದಿಲ್ಲ. ತೂಗುವವರೂ ಮನುಷ್ಯರೇ: 2025ರ ಫೆಬ್ರವರಿಯಲ್ಲಿ, ಆಂಧ್ರದ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿತು. ಇದರಿಂದ ಮಾನ್ಯತೆಯೇ ವ್ಯರ್ಥವೆನ್ನಲಾಗದು. ಮಾನ್ಯತೆ ಆರಂಭ, ಅಂತ್ಯವಲ್ಲ.

ಕಾನೂನು ಮೆಲ್ಲಗೆ ಎಚ್ಚೆತ್ತಿದೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂದರೆ ಯಾರು, ಅವರಿಗೆ ಎಷ್ಟು ತರಬೇತಿ ಬೇಕು ಎಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿವರಿಸಿತು. ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯಡಿ ಚಿಕಿತ್ಸಾಲಯದ ತರಬೇತಿಯನ್ನೂ ಒಳಗೊಂಡ ಎರಡು ವರ್ಷದ ಎಂ.ಫಿಲ್. ಅದರ ಅಳತೆ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯ ಪಟ್ಟಿಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಆದರೆ ಗಲ್ಲಿಗೆ, ಬಾಲಮಂದಿರಕ್ಕೆ, ವೃದ್ಧಾಶ್ರಮಕ್ಕೆ ಹೋಗುವವರೆಲ್ಲರಿಗೂ ಅನ್ವಯಿಸುವ ಪರಿಷತ್ತು ಇನ್ನೂ ಇಲ್ಲ.

ಆದುದರಿಂದ, ಪೋಷಕರೇ, ನಿಮ್ಮ ಮಗನೋ ಮಗಳೋ ಸಮಾಜಕಾರ್ಯ ಓದಲು ಬಯಸಿದರೆ ಸಂತೋಷಪಡಿ. ಜೊತೆಗೆ ಕಾಲೇಜಿನವರನ್ನು ಕೆಲವು ಮಾತು ಕೇಳಿ. ವಾರಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯ? ಆ ವರದಿಯನ್ನು ಓದಿ, ಎದುರು ಕೂರಿಸಿಕೊಂಡು ತಿದ್ದುವ ಬೋಧಕರು ಯಾರು? ಒಬ್ಬ ಬೋಧಕರ ಪಾಲಿಗೆ ಎಷ್ಟು ವಿದ್ಯಾರ್ಥಿಗಳು? ಹೇಳಿಕೊಂಡ ಗುಟ್ಟನ್ನು ಕಾಯುವುದನ್ನು ಎಲ್ಲಿ ಕಲಿಸುತ್ತೀರಿ? ಇವಕ್ಕೆ ಅವರು ತಡವರಿಸಿದರೆ, ಫಲಕದ ಮೇಲಿನ ಅಕ್ಷರವನ್ನು ನೆಚ್ಚಬೇಡಿ.

ನಾನು 'ಅಗತ್ಯವಿಲ್ಲ' ಎಂದು ಬರೆದ ಮನೆಗೆ ಕೆಲವು ವಾರಗಳ ತರುವಾಯ ಹಿರಿಯ ಕನ್ಯಾಸ್ತ್ರೀಯೊಬ್ಬರು ಹೋದರು. ಪಟ್ಟಿ ಒಯ್ಯಲಿಲ್ಲ. ಒಳಗೆ ಕುಳಿತು, ನೀರು ಕೇಳಿ ಕುಡಿದರು. ಆಕೆ ಮೂರು ತಿಂಗಳಿಂದ ಬಾಡಿಗೆ ಕಟ್ಟಿರಲಿಲ್ಲವೆಂದು ನಮಗೆ ತಿಳಿದದ್ದು ಆ ದಿನ.