ಪಿಯೋಲಾ ಪಾತ್ರ ಯಾರಿಗೆ? ಎರಡು ಸಲ ತೆಗೆದ ಒಂದು ಸಿನಿಮಾ

ರೀಮೇಕ್ ಅಂದ ತಕ್ಷಣ ನಾವು ಕನ್ನಡದವರು ಸ್ವಲ್ಪ ಮುಖ ಕಿವುಚುತ್ತೇವೆ. ಡಬ್ಬಿಂಗ್ ಇಲ್ಲದ ಕಾಲದಲ್ಲಿ ಬೆಳೆದವರು ನಾವು. ತಮಿಳಿನಲ್ಲೋ ಮಲಯಾಳಂನಲ್ಲೋ ಗೆದ್ದ ಕಥೆ ನಮ್ಮೂರ ಟಾಕೀಸಿಗೆ ಬರಬೇಕಾದರೆ ರೀಮೇಕ್ ಆಗಿಯೇ ಬರಬೇಕಿತ್ತು. ಮೂಲ ಚೆನ್ನಾಗಿತ್ತಾ, ನಮ್ಮದು ಚೆನ್ನಾಗಿತ್ತಾ ಅಂತ ಹಾಸ್ಟೆಲ್ ಮೆಸ್ಸಲ್ಲಿ ಎಷ್ಟು ರಾತ್ರಿ ಜಗಳ ಆಡಿದ್ದೇವೋ ಲೆಕ್ಕವಿಲ್ಲ. ಇವತ್ತಿನ ಮಾತು ಹಾಲಿವುಡ್ಡಿನ ಒಂದು ರೀಮೇಕ್ ಬಗ್ಗೆ, ಅದರಲ್ಲೂ ಒಂದೇ ಒಂದು ಪಾತ್ರದ ಬಗ್ಗೆ. ಆ ಪಾತ್ರವನ್ನು ಮೊದಲ ಸಲ ಯಾರಿಗೆ ಕೊಟ್ಟರು, 25 ವರ್ಷದ ನಂತರ ಯಾರಿಗೆ ಕೊಟ್ಟರು ಅನ್ನುವುದರಲ್ಲಿ ಒಂದು ದೇಶದ ಚರಿತ್ರೆಯೇ ಕೂತಿದೆ.

1933ರಲ್ಲಿ ಫ್ಯಾನಿ ಹರ್ಸ್ಟ್ ಎಂಬ ಲೇಖಕಿಯ ‘ಇಮಿಟೇಶನ್ ಆಫ್ ಲೈಫ್’ ಕಾದಂಬರಿ ಬಂತು. ಮರುವರ್ಷವೇ ಯೂನಿವರ್ಸಲ್ ಸ್ಟುಡಿಯೋ ಅದನ್ನು ಸಿನಿಮಾ ಮಾಡಿತು. ನಿರ್ದೇಶಕ ಜಾನ್ ಸ್ಟಾಲ್. ಗಂಡನನ್ನು ಕಳೆದುಕೊಂಡ ಬಿಳಿ ಹೆಂಗಸು ಬಿಯಾ, ಅವಳ ಮನೆಗೆಲಸಕ್ಕೆ ಬರುವ ಕಪ್ಪು ಹೆಂಗಸು ಡಿಲೈಲಾ. ಇಬ್ಬರಿಗೂ ಒಬ್ಬೊಬ್ಬಳು ಮಗಳು. ಡಿಲೈಲಾಳ ಪ್ಯಾನ್‌ಕೇಕ್ ರೆಸಿಪಿ ಇಟ್ಟುಕೊಂಡು ಬಿಯಾ ದೊಡ್ಡ ವ್ಯಾಪಾರ ಕಟ್ಟುತ್ತಾಳೆ. ರೆಸಿಪಿ ಡಿಲೈಲಾಳದ್ದು, ಜಾಹೀರಾತಿನ ನಗುಮುಖವೂ ಡಿಲೈಲಾಳದ್ದು. ಅವಳಿಗೆ ಕೊಡಲು ಮುಂದಾಗುವ ಪಾಲು ಶೇ. 20. ಸ್ಟಾಕ್ ಆಪ್ಶನ್ ಲೆಕ್ಕ ಹಾಕಿಯೇ ಆಫರ್ ಲೆಟರ್ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಲೈಲಾಳ ಮಗಳೇ ಪಿಯೋಲಾ. ಬಣ್ಣ ಎಷ್ಟು ತಿಳಿ ಅಂದ್ರೆ ನೋಡಿದವರೆಲ್ಲ ಬಿಳಿ ಹುಡುಗಿ ಅಂದುಕೊಳ್ಳುತ್ತಾರೆ. ಸ್ಕೂಲಲ್ಲೂ ಹಾಗೇ ಅಂದುಕೊಂಡಿರುತ್ತಾರೆ, ಅವಳೂ ಸುಮ್ಮನಿರುತ್ತಾಳೆ. ಒಂದು ಮಳೆಯ ದಿನ ಮಗಳು ನೆನೆಯಬಾರದು ಅಂತ ಅಮ್ಮ ಕ್ಲಾಸಿನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಷ್ಟೇ, ಗುಟ್ಟು ರಟ್ಟಾಯಿತು. ದೊಡ್ಡವಳಾದ ಮೇಲೆ ಪಿಯೋಲಾ ಊರು ಬಿಟ್ಟು ಬಿಳಿಯಳಾಗಿಯೇ ಬದುಕಲು ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕರೂ ಗುರುತು ಹೇಳಬೇಡ ಅಂತ ಹೆತ್ತ ತಾಯಿಯನ್ನೇ ಕೇಳಿಕೊಳ್ಳುತ್ತಾಳೆ.

ಹೀಗೆ ಬಿಳಿಯರ ನಡುವೆ ಬಿಳಿಯರಾಗಿ ಸೇರಿಹೋಗುವುದಕ್ಕೆ ಅಮೆರಿಕದಲ್ಲಿ ‘ಪಾಸಿಂಗ್’ ಅಂತಲೇ ಹೆಸರು. ಅದಕ್ಕೆ ಕಾರಣ ‘ಒಂದು ಹನಿ’ ನಿಯಮ. ವಂಶದಲ್ಲಿ ಎಲ್ಲೋ ಒಂದು ಹನಿ ಕಪ್ಪು ರಕ್ತವಿದ್ದರೂ ನೀವು ಕಪ್ಪು ಜನ, ಕನ್ನಡಿ ಏನೇ ಹೇಳಲಿ. 1892ರಲ್ಲಿ ಹೋಮರ್ ಪ್ಲೆಸಿ ಎಂಬಾತ ಬಿಳಿಯರ ರೈಲು ಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ. ಅವನ ಮುತ್ತಾತ ಮುತ್ತಜ್ಜಿಯರ ಲೆಕ್ಕದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿ. ನೋಡಿ ಗುರುತಿಸುವ ಹಾಗಿರಲಿಲ್ಲ, ಅವನೇ ಬಾಯಿಬಿಟ್ಟು ಹೇಳಬೇಕಾಯಿತು. ಕಾನೂನನ್ನು ಪರೀಕ್ಷೆಗೆ ಒಡ್ಡಲೆಂದೇ ಅವನು ಹಾಗೆ ಕೂತದ್ದು. 1896ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. 1924ರಲ್ಲಿ ವರ್ಜೀನಿಯಾ ರಾಜ್ಯ ಈ ಹನಿ ಲೆಕ್ಕವನ್ನು ಮದುವೆಯ ಕಾನೂನಿಗೇ ಸೇರಿಸಿತು. 1967ರವರೆಗೆ ಅದು ಜಾರಿಯಲ್ಲಿತ್ತು.

ಈಗ ಪಾತ್ರಕ್ಕೆ ಬರೋಣ. 1934ರ ಸಿನಿಮಾದಲ್ಲಿ ದೊಡ್ಡ ಪಿಯೋಲಾ ಆದವರು ಫ್ರೆಡಿ ವಾಷಿಂಗ್ಟನ್. ಜಾರ್ಜಿಯಾದ ಸವಾನಾ ಊರಲ್ಲಿ 1903ರಲ್ಲಿ ಹುಟ್ಟಿದ ಕಪ್ಪು ಮನೆತನದ ನಟಿ. ತಿಳಿ ಮೈಬಣ್ಣ, ಹಸಿರು ಕಣ್ಣು. ಪಿಯೋಲಾ ಹೇಗಿರಬೇಕೋ ಹಾಗೇ ಇದ್ದರು. ಒಂದು ವರ್ಷ ಹಿಂದೆ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಪಾಲ್ ರೋಬ್ಸನ್ ಜೊತೆ ನಟಿಸುವಾಗ ಅವರ ಮುಖಕ್ಕೆ ಕಪ್ಪು ಮೇಕಪ್ ಬಳಿಯಲಾಗಿತ್ತು. ಇಲ್ಲದಿದ್ದರೆ ಕಪ್ಪು ಗಂಡಸು ಬಿಳಿ ಹೆಂಗಸನ್ನು ತಬ್ಬಿಕೊಂಡಿದ್ದಾನೆ ಅಂತ ಪ್ರೇಕ್ಷಕರು ತಿಳಿದಾರು ಎಂಬ ಭಯ! ಕಪ್ಪು ನಟಿಗೆ ಕಪ್ಪು ಕಾಣುವ ಬಣ್ಣ. ಇದಕ್ಕಿಂತ ದೊಡ್ಡ ತಮಾಷೆಯನ್ನು ಯಾವ ಸಂಭಾಷಣೆಕಾರನೂ ಬರೆಯಲಾರ.

ತೆರೆಯ ಮೇಲೆ ತಾಯಿಯನ್ನು ದೂರ ತಳ್ಳಿದ ಫ್ರೆಡಿ ನಿಜಜೀವನದಲ್ಲಿ ತಾನು ಕಪ್ಪು ಹೆಣ್ಣು ಅಂತ ಗಟ್ಟಿಯಾಗಿ ಹೇಳಿಕೊಂಡೇ ಬದುಕಿದವರು. ಅವರ ಗಂಡ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ ಟ್ರೊಂಬೋನ್ ವಾದಕ. ದಕ್ಷಿಣದ ಊರುಗಳಲ್ಲಿ ಬ್ಯಾಂಡಿನವರಿಗೆ ಪ್ರವೇಶವಿಲ್ಲದ ಐಸ್‌ಕ್ರೀಂ ಅಂಗಡಿಗಳಿಗೆ ಫ್ರೆಡಿ ಒಳಗೆ ಹೋಗಿ, ಎಲ್ಲರಿಗೂ ಕೊಂಡು ತಂದು ಹೊರಗೆ ಹಂಚುತ್ತಿದ್ದರಂತೆ. 1937ರಲ್ಲಿ ಕಪ್ಪು ನಟರ ಸಂಘವೊಂದನ್ನು ಕಟ್ಟುವುದರಲ್ಲಿ ಕೈ ಜೋಡಿಸಿದರು. ಆಮೇಲೆ ನ್ಯೂಯಾರ್ಕಿನ ‘ದಿ ಪೀಪಲ್ಸ್ ವಾಯ್ಸ್’ ಪತ್ರಿಕೆಯಲ್ಲಿ ರಂಗಭೂಮಿಯ ಬಗ್ಗೆ ಅಂಕಣ ಬರೆದರು. ಸಿನಿಮಾ ಮಾತ್ರ 1937ಕ್ಕೇ ಮುಗಿಯಿತು. ಬಿಳಿ ನಾಯಕಿಯ ಪಾತ್ರ ಕೊಡುವಂತಿಲ್ಲ, ಮನೆಗೆಲಸದವಳ ಪಾತ್ರಕ್ಕೆ ‘ಕಪ್ಪು ಸಾಲದು’.

ಈ ಭಯದ ಮೂಲ ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್. ಸ್ಟುಡಿಯೋಗಳು ತಮಗೆ ತಾವೇ ಹಾಕಿಕೊಂಡ ಸೆನ್ಸಾರ್ ಅದು. 1930ರಲ್ಲಿ ಬರೆದದ್ದು, 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಬಿಳಿ ಮತ್ತು ಕಪ್ಪು ಜನರ ನಡುವಿನ ಸಂಬಂಧ ತೋರಿಸಬಾರದು ಅನ್ನುವುದು ಅದರ ಒಂದು ಕಲಮು. ಪಿಯೋಲಾ ಹುಟ್ಟಿದ್ದೇ ಅಂಥ ಸಂಬಂಧಕ್ಕೆ ಸಾಕ್ಷಿ ಅಂತ ಕೋಡ್ ಕಚೇರಿ ಸ್ಕ್ರಿಪ್ಟಿಗೇ ತಕರಾರು ತೆಗೆದಿತ್ತು. ಕಾದಂಬರಿಯಲ್ಲಿ ಪಿಯೋಲಾ ಬಿಳಿಯನನ್ನು ಮದುವೆಯಾಗುತ್ತಾಳೆ. ಸಿನಿಮಾದಲ್ಲಿ ಆ ಭಾಗವೇ ಇಲ್ಲ. ಇಷ್ಟೆಲ್ಲ ಕತ್ತರಿಯ ನಡುವೆಯೂ ಪಾತ್ರ ಮಾತ್ರ ಫ್ರೆಡಿಗೇ ಉಳಿಯಿತು ಅನ್ನುವುದೇ ನನಗೆ ಆಶ್ಚರ್ಯ.

ನಡುವೆ ಇನ್ನೊಂದು ರೀಮೇಕ್ ಬಂತು, ಎಂಜಿಎಂನ ‘ಶೋ ಬೋಟ್’, 1951ರದ್ದು. ಅದರಲ್ಲೂ ಜೂಲಿ ಎಂಬ ಪಾತ್ರ ಹೀಗೇ ಗುಟ್ಟು ಇಟ್ಟುಕೊಂಡವಳು. ಕಪ್ಪು ಗಾಯಕಿ ಲೀನಾ ಹಾರ್ನ್ 1946ರಲ್ಲೇ ಇನ್ನೊಂದು ಚಿತ್ರದೊಳಗಿನ ತುಣುಕಿನಲ್ಲಿ ಜೂಲಿಯಾಗಿ ಹಾಡಿ ತೋರಿಸಿದ್ದರು. ಪೂರ್ತಿ ಸಿನಿಮಾ ಆಗುವಾಗ ಪಾತ್ರ ಹೋದದ್ದು ಬಿಳಿ ತಾರೆ ಆವಾ ಗಾರ್ಡ್ನರ್‌ಗೆ. ಚಿತ್ರದಲ್ಲಿ ಗಾರ್ಡ್ನರ್ ಹಾಡುವುದಕ್ಕೂ ಬೇರೆಯವರ ದನಿ ಕೂರಿಸಬೇಕಾಯಿತು. ಹಾಡಬಲ್ಲವರು ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು, ಆದರೂ.

1956ರ ಕೊನೆಗೆ ಕೋಡ್‌ನಿಂದ ಆ ಕಲಮು ತೆಗೆದುಹಾಕಿದರು. 1954ರಲ್ಲಿ ಶಾಲೆಗಳ ಪ್ರತ್ಯೇಕತೆ ತಪ್ಪು ಎಂಬ ತೀರ್ಪು ಬಂದಾಗಿತ್ತು. ಮಾಂಟ್‌ಗಮರಿಯ ಬಸ್ ಬಹಿಷ್ಕಾರ ನಡೆದಿತ್ತು. ಲಿಟಲ್ ರಾಕ್‌ನಲ್ಲಿ ಒಂಬತ್ತು ಮಕ್ಕಳನ್ನು ಶಾಲೆಗೆ ಬಿಡಲು ಸೇನೆ ಇಳಿದಿತ್ತು. 1959ರಲ್ಲಿ ಯೂನಿವರ್ಸಲ್ ಅದೇ ಕಥೆಯನ್ನು ಬಣ್ಣದಲ್ಲಿ ಮತ್ತೆ ತೆಗೆಯಿತು. ನಿರ್ದೇಶಕ ಡಗ್ಲಸ್ ಸರ್ಕ್, ಹೆಂಡತಿ ಯೆಹೂದಿ ಎಂಬ ಕಾರಣಕ್ಕೆ ನಾಜಿ ಜರ್ಮನಿ ಬಿಟ್ಟು ಬಂದವರು. ಜನಾಂಗದ ಲೆಕ್ಕಾಚಾರ ಏನು ಮಾಡುತ್ತೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಇಷ್ಟೆಲ್ಲ ಅನುಕೂಲವಾಗಿದ್ದಾಗ, ಪಿಯೋಲಾಳ ಹೊಸ ರೂಪವಾದ ಸಾರಾ ಜೇನ್ ಪಾತ್ರ ಸಿಕ್ಕಿದ್ದು ಸೂಸನ್ ಕೋನರ್‌ಗೆ. ತಾಯಿ ಮೆಕ್ಸಿಕೋದ ನಟಿ, ತಂದೆ ಬೊಹೀಮಿಯಾದಿಂದ ಬಂದ ಯೆಹೂದಿ. ಕಪ್ಪು ಮೂಲ ಇಲ್ಲ. (ಇನ್ನೊಂದು ಸ್ವಾರಸ್ಯ: ಆ ತಾಯಿ ಲುಪಿತಾ ತೋವರ್ 1931ರ ಸ್ಪ್ಯಾನಿಶ್ ‘ಡ್ರಾಕುಲಾ’ ನಾಯಕಿ. ಹಗಲು ಇಂಗ್ಲಿಷ್ ತಂಡ, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಶ್ ತಂಡ. ರೀಮೇಕ್ ಅನ್ನುವುದು ಆ ಮನೆಯ ಕಸುಬೇ ಆಗಿತ್ತು.)

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವರ್ಷನ್ ಎರಡರಲ್ಲಿ ರಿಗ್ರೆಷನ್. ಮೊದಲ ವರ್ಷನ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಮುರಿದುಹೋಯಿತು. ಕೋನರ್ ಕೆಟ್ಟದಾಗಿ ನಟಿಸಿದರು ಅಂತ ನಾನು ಹೇಳುತ್ತಿಲ್ಲ. ಬಹಳ ಚೆನ್ನಾಗಿ ಮಾಡಿದ್ದಾರೆ, ಗೋಲ್ಡನ್ ಗ್ಲೋಬ್ ಬಂತು. ಅವರಿಗೂ ತಾಯಿಯ ಪಾತ್ರದ ಕಪ್ಪು ನಟಿ ಹ್ವಾನಿಟಾ ಮೂರ್‌ಗೂ ಆಸ್ಕರ್ ನಾಮನಿರ್ದೇಶನ ಬಂತು. ಸಿನಿಮಾ ಕೆಲವು ಕಡೆ ಹಳೆಯದಕ್ಕಿಂತ ಚುರುಕು. ಒಂದು ದೃಶ್ಯದಲ್ಲಿ ಮನೆಯೊಡತಿಗೆ ತನ್ನ ಕೆಲಸದಾಕೆಗೆ ಇಷ್ಟೊಂದು ಗೆಳೆಯರಿದ್ದಾರೆ ಅಂತ ಆಗಷ್ಟೇ ತಿಳಿಯುತ್ತದೆ, ಅಷ್ಟು ವರ್ಷ ಕೇಳಿಯೇ ಇರಲಿಲ್ಲ. ಆದರೆ ಫ್ರೆಡಿ ತೆರೆಗೆ ಬಂದಾಗ ನೋಡುವವನ ಕಣ್ಣೇ ಸೋಲುತ್ತದೆ. ಬಿಳಿಯಳೋ ಕಪ್ಪೋ ಹೇಳಲಾಗದೆ ತಡಬಡಾಯಿಸುತ್ತೀರಿ, ಆಗ ಆ ಗೆರೆ ಚರ್ಮದ ಮೇಲಿಲ್ಲ, ಕಡತದಲ್ಲಿದೆ ಅಂತ ಗೊತ್ತಾಗುತ್ತದೆ. ಕೋನರ್ ಬಂದಾಗ ಪ್ರೇಕ್ಷಕ ನಿರಾಳ: ಇದು ನಟನೆ, ನಿಜವಾಗಿ ಹಾಗಿಲ್ಲ. ಸಾರಾ ಜೇನ್‌ಗೆ ಒಬ್ಬ ಬಿಳಿ ಪ್ರೇಮಿ ಇದ್ದಾನೆ, ಗುಟ್ಟು ತಿಳಿದು ಬೀದಿಯಲ್ಲಿ ಹೊಡೆಯುತ್ತಾನೆ. ಕಾಗದದ ಮೇಲಿನ ನಿಷೇಧ ಹೋಗಿದ್ದರೂ ಕಪ್ಪು ನಟಿಯನ್ನು ಆ ತೋಳಿನಲ್ಲಿ ತೋರಿಸುವ ಧೈರ್ಯ ಇರಲಿಲ್ಲ ಅನ್ನುವುದು ನನ್ನ ಓದು. ಪ್ಯಾನ್‌ಕೇಕ್ ವ್ಯಾಪಾರವನ್ನೂ ತೆಗೆದುಹಾಕಿದರು. ಒಡತಿ ಈಗ ನಟಿ, ಶೇ. 20ರ ಪಾಲಿನ ಮಾತೂ ಹೋಯಿತು.

ಅಮೆರಿಕದ ಕಥೆ ನಮಗ್ಯಾಕೆ ಅಂತ ಕೇಳಬಹುದು. ಪುಣೆಯಲ್ಲಿ ಮನೆ ಹುಡುಕಿದವರಿಗೆ ‘ಸರ್‌ನೇಮ್ ಏನು’ ಎಂಬ ಪ್ರಶ್ನೆ ಗೊತ್ತು. ಅಪ್ಪನ ಹೆಸರು, ಊರಿನ ಹೆಸರು ಇನಿಶಿಯಲ್ ಆಗಿರುವ ನಮ್ಮಲ್ಲಿ ಎಷ್ಟೋ ಜನಕ್ಕೆ ಅದಕ್ಕೆ ಉತ್ತರವೇ ಇಲ್ಲ. ನನಗೂ ಒಬ್ಬ ಮನೆ ಮಾಲೀಕರು ಮೂರು ಸಲ ಸುತ್ತಿ ಬಳಸಿ ಕೇಳಿದ್ದರು, ಕೊನೆಗೆ ‘ಊಟ ಏನು’ ಅಂತ. ಮುಖ ನೋಡಿ ಗೊತ್ತಾಗದ್ದನ್ನು ಕಡತದಿಂದ ತೆಗೆಯುವ ಕೆಲಸ ಇಲ್ಲೂ ನಡೆಯುತ್ತೆ. ಹಾಗಾಗಿ ಪಾತ್ರ ಹಂಚುವ ಪ್ರಶ್ನೆಯೂ ಇದೆ. 2016ರ ಮರಾಠಿ ‘ಸೈರಾಟ್’ ನೆನಪಿಸಿಕೊಳ್ಳಿ, ನಾಗರಾಜ ಮಂಜುಳೆಯವರದ್ದು. ಜಾತಿ ಮೀರಿ ಪ್ರೀತಿಸಿದ ಜೋಡಿ ಹೈದರಾಬಾದಿಗೆ ಓಡಿಬರುತ್ತದೆ. ನಾಯಕಿ ರಿಂಕು ರಾಜಗುರು, ಅಕಲೂಜ್ ಊರಿನ ಹುಡುಗಿ, ಮೊದಲ ಚಿತ್ರ. 2017ರಲ್ಲಿ ಎಸ್. ನಾರಾಯಣ್ ಅದನ್ನು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಮಾಡಿದಾಗ ನಾಯಕಿಯಾಗಿ ಅದೇ ರಿಂಕುವನ್ನೇ ಕರೆದರು. 2018ರ ಹಿಂದಿ ‘ಧಡಕ್’ನಲ್ಲಿ ಜಾಹ್ನವಿ ಕಪೂರ್ ಬಂದರು, ಜಾತಿ ಒಂದೆರಡು ಮಾತಿಗೆ ಇಳಿದು ಶ್ರೀಮಂತಿಕೆ, ರಾಜಕೀಯ ಮುಂದೆ ಬಂತು. ಮುಖ ಬದಲಾದಾಗ ಕಥೆಯ ಜಗಳವೇ ಬೇರೆಯಾಯಿತು. ಕನ್ನಡದ್ದು ದೊಡ್ಡ ಸಿನಿಮಾ ಅಂತ ನಾನು ವಾದಿಸುವುದಿಲ್ಲ, ಆದರೆ ಆ ಒಂದು ಆಯ್ಕೆ ಸರಿ.

ಫ್ರೆಡಿ ವಾಷಿಂಗ್ಟನ್ 1959ರಲ್ಲಿ ಐವತ್ತೈದು ದಾಟಿದವರು. ಹೊಸ ಸಿನಿಮಾ ಬಂದದ್ದನ್ನೂ ಕಂಡರು, ಅದಾದ ಮೇಲೆ ಇನ್ನೂ ಮೂವತ್ತೈದು ವರ್ಷ ಬದುಕಿದ್ದು 1994ರಲ್ಲಿ ತೀರಿಕೊಂಡರು. ಹ್ವಾನಿಟಾ ಮೂರ್ ಆಸ್ಕರ್ ನಾಮನಿರ್ದೇಶನದ ನಂತರ ಕೆಲಸ ಹೆಚ್ಚುವುದರ ಬದಲು ಕಡಿಮೆಯಾಯಿತು ಅಂತ ಹೇಳಿಕೊಂಡಿದ್ದರು. ಎರಡನ್ನೂ ನೋಡುವುದಾದರೆ 1934ರದ್ದನ್ನು ಮೊದಲು ನೋಡಿ. ಸ್ಕೂಲಿನ ದೃಶ್ಯ ಎರಡರಲ್ಲೂ ಇದೆ, ಅದನ್ನು ಅಕ್ಕಪಕ್ಕ ಇಟ್ಟು ನೋಡಿ. ನಿಮಗೆ ಏನನಿಸಿತು ಅಂತ ಕೆಳಗೆ ಬರೆಯಿರಿ.