ಹೇಳಿಕೊಡುವವರಿಲ್ಲದ ಗುಂಡಿ

ಜಾಲತಾಣ ಬಳಸಲು ಸುಲಭವೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಒಂದು ಕೆಲಸ ಕೊಟ್ಟು, ಸುಮ್ಮನೆ ನೋಡಿದರಾಯಿತು. ಹೇಳಿಕೊಟ್ಟರೆ ಪರೀಕ್ಷೆ ಕೆಟ್ಟಂತೆ. ಈ ನಿಯಮ ತೀರಾ ಬಿಗಿಯಾಗಿರುವ ಜಾಗ ಮತಗಟ್ಟೆ. ಮತ ಗುಟ್ಟಿನದು, ಮರೆಯೊಳಗೆ ಮತದಾರ ಸಾಮಾನ್ಯವಾಗಿ ಒಬ್ಬನೇ.

ಅಂಥ ಮತದಾರನಿಗಾಗಿ ಹೈದರಾಬಾದಿನ ಇಸಿಐಎಲ್ 1979ರಲ್ಲಿ ಮತಯಂತ್ರದ ಮಾದರಿಯೊಂದನ್ನು ತಯಾರಿಸಿತು. 1980ರ ಆಗಸ್ಟ್ 6ರಂದು ಚುನಾವಣಾ ಆಯೋಗ ಅದನ್ನು ರಾಜಕೀಯ ಪಕ್ಷಗಳ ಪ್ರತಿನಿಧಿಗಳಿಗೆ ತೋರಿಸಿತು. ಬೆಂಗಳೂರಿನ ಬಿಇಎಲ್ ಕೂಡ ತಯಾರಿಕೆಗೆ ಕೈಜೋಡಿಸಿತು. 1982ರ ಮೇ 19ರಂದು ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಅದರ ಮೊದಲ ಬಳಕೆ. ಗೆಲುವಿನ ಅಂತರ 123 ಮತ. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮತಗಟ್ಟೆಗಳಲ್ಲಿ ಕಾಗದದ ಮೇಲೆ ಮರುಮತದಾನ ನಡೆದಾಗ ಮೊದಲು ಸೋತಿದ್ದವರು ಗೆದ್ದರು. 1988ರ ಡಿಸೆಂಬರಿನಲ್ಲಿ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಯಂತ್ರ ದೇಶದ ಎಲ್ಲ ಕ್ಷೇತ್ರಗಳಿಗೂ ಬಂದಿತ್ತು.

ಇಂದಿನ ಯಂತ್ರದಲ್ಲಿ ಪ್ರತಿ ಹೆಸರಿನ ಸಾಲಿಗೂ ಒಂದು ಚಿಹ್ನೆ, ಒಂದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹೊತ್ತುತ್ತದೆ, ಬೀಪ್ ಸದ್ದು ಬರುತ್ತದೆ. ಓದು ಬಾರದವರಿಗೆ ಚಿಹ್ನೆಯಿದೆ, ಕಣ್ಣು ಕಾಣದವರಿಗೆ ಬ್ರೈಲ್ ಅಂಕಿಯಿದೆ.

ಅದನ್ನೂ ಯಾರೂ ಕಣ್ಣು ಮುಚ್ಚಿ ನಂಬುವುದಿಲ್ಲ. ಮತದಾನದ ದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮುನ್ನ, ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ತಾಳೆ ನೋಡಿ, ಅಳಿಸಲಾಗುತ್ತದೆ. ಆಮೇಲೆಯೇ ಮೊದಲ ಮತದಾರ ಒಳಗೆ ಬರುವುದು.